ಕೈಹೆಣಿಗೆಯಲ್ಲಿ ನೂಲಿನ ಆಯ್ಕೆ: ಏಳನೆಯ ತರಗತಿಗೆ ಮೂರು ಅವಧಿಗಳ ಕಾರ್ಯಾನುಭವ ಪಾಠ

ತರಗತಿ: ಏಳು. ವಿಷಯ: ಕಾರ್ಯಾನುಭವ. ಘಟಕ: ಕೈಹೆಣಿಗೆಯ ಚಿಕ್ಕ ಉಡುಪುಗಳು. ಅವಧಿ: 40 ನಿಮಿಷಗಳ ಮೂರು ತರಗತಿಗಳು, ನಡುವೆ ಮನೆಯಲ್ಲಿ ಮಾಡುವ ಸ್ವಲ್ಪ ಕೆಲಸ. ಪೂರ್ವಜ್ಞಾನ: ಕಡ್ಡಿಯ ಮೇಲೆ ಕುಣಿಕೆ ಏರಿಸುವುದು, ಸೀದಾ ಮತ್ತು ಉಲ್ಟಾ ಹೆಣಿಗೆ.

ಅಥಣಿ ತಾಲೂಕಿನ ಅನಂತಪುರದಂತಹ ಊರಿನ ಶಾಲೆಯನ್ನು ಕಣ್ಣ ಮುಂದಿಟ್ಟುಕೊಂಡು ಈ ಪಾಠವನ್ನು ಯೋಜಿಸಲಾಗಿದೆ. ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ಬರೆಯುವ ಕಾರ್ಯಾನುಭವದ ಪಾಠ ಟಿಪ್ಪಣಿಗಳಲ್ಲಿ ಹೆಣಿಗೆಯ ಪಾಠ ಆಗಾಗ ಕಾಣಿಸುತ್ತದೆ. ಬೋಧನೋಪಕರಣಗಳ ಕಲಮಿನಲ್ಲಿ 'ಬಣ್ಣಬಣ್ಣದ ಉಲ್ಲನ್, ಎರಡು ಕಡ್ಡಿ, ಮಾದರಿ ಚಿತ್ರ' ಎಂದು ಬರೆದಿರುತ್ತದೆ. ಚಿತ್ರ ತೋರಿಸುವುದು, ಹೆಣೆದು ತೋರಿಸುವುದು, ಮಕ್ಕಳಿಂದ ಮಾಡಿಸುವುದು ಎಂಬ ಕ್ರಮ ತಪ್ಪುವುದಿಲ್ಲ. ಆದರೆ ಆ ಟಿಪ್ಪಣಿಗಳಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಈ ಉಲ್ಲನ್ ಏತರದು? ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವ ಉಂಡೆಗಳಲ್ಲಿ ಬಹುಪಾಲು ಅಕ್ರಿಲಿಕ್, ಅಂದರೆ ಕಾರ್ಖಾನೆಯಲ್ಲಿ ರಾಸಾಯನಿಕದಿಂದ ತಯಾರಾದ ನಾರು. ಕುರಿಗೂ ಅದಕ್ಕೂ ಸಂಬಂಧವಿಲ್ಲ. ಅದೇ ಊರಿನ ದಡ್ಡಿಯಲ್ಲಿ ಕುರಿಯ ಮೈಯಿಂದ ಕತ್ತರಿಸಿದ ನಿಜವಾದ ಉಣ್ಣೆ ಕೊಳ್ಳುವವರಿಲ್ಲದೆ ಬಿದ್ದಿರುತ್ತದೆ.

ಬೇಕಾದ ವಸ್ತು ಯಾರಿಗೆ, ಎಲ್ಲಿ, ಯಾವ ಹೊತ್ತಿನಲ್ಲಿ ಬಳಕೆಯಾಗುತ್ತದೆ ಎಂದು ಮೊದಲು ಕೇಳಬೇಕು. ಅದಕ್ಕೆ ತಕ್ಕ ನೂಲನ್ನು ಪರೀಕ್ಷಿಸಿ ಆರಿಸಬೇಕು. ಅನಂತರವೇ ಆಕಾರ, ಬಣ್ಣ, ನಮೂನೆ. ಈ ಪಾಠದ ಬೋಧನಾಂಶ ಇಷ್ಟೇ. ಉಳಿದುದೆಲ್ಲ ಇದನ್ನು ಮಕ್ಕಳ ಕೈಗೆ ಕೊಡುವ ಬಗೆ.

1937ರ ವಾರ್ಧಾ ಶಿಕ್ಷಣ ಸಮ್ಮೇಳನ, ಕೊಠಾರಿ ಆಯೋಗದ ಕಾರ್ಯಾನುಭವದ ಕಲ್ಪನೆ, 1977ರ ಈಶ್ವರಭಾಯಿ ಪಟೇಲ್ ಸಮಿತಿಯ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ', ಈಗಿನ 2020ರ ನೀತಿಯ ಬ್ಯಾಗ್‌ರಹಿತ ದಿನಗಳು, ಇವುಗಳನ್ನು ಪ್ರಶಿಕ್ಷಣಾರ್ಥಿಗಳು ಪರೀಕ್ಷೆಗಾಗಿ ಓದಿಯೇ ಇರುತ್ತಾರೆ. ಆ ಹೆಸರುಗಳಲ್ಲಿ 'ಉಪಯೋಗಿ' ಎಂಬ ಮಾತನ್ನು ಮಾತ್ರ ಇಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳೋಣ. ಬಾಗಿಲಿಗೆ ತೂಗುಹಾಕುವ ಉಲ್ಲನ್ ತೋರಣಕ್ಕೆ ನನ್ನ ವಿರೋಧವಿಲ್ಲ. ಆದರೆ ಕೂಲಿಗೆ ಹೋಗುವ ತಾಯಿ ಎರಡು ಉಂಡೆ ಉಲ್ಲನ್‌ಗೆ ದುಡ್ಡು ಕೊಟ್ಟಿದ್ದರೆ, ತಿರುಗಿ ಮನೆಗೆ ಬರುವ ವಸ್ತು ಆಕೆಯ ಬಳಕೆಗೆ ಬರಬೇಕು.

ಮೊದಲ ಅವಧಿ: ನೂಲನ್ನು ಕೇಳುವುದು

ನಾಲ್ಕು ಬಗೆಯ ನೂಲು ಬೇಕು: ಕೈಯಿಂದ ನೂತ ಕಂಬಳಿ ಉಣ್ಣೆ, ಅಂಗಡಿಯ ಅಕ್ರಿಲಿಕ್ ಉಲ್ಲನ್, ಹತ್ತಿಯ ನೂಲು, ಮತ್ತು ಸಿಕ್ಕರೆ ಹಳೆಯ ಉಣ್ಣೆ ಸ್ವೆಟರ್ ಬಿಚ್ಚಿ ತೆಗೆದ ಮೆತ್ತನೆಯ ನೂಲು. ಹತ್ತಿಗಾಗಿ ದೂರ ಹೋಗಬೇಕಿಲ್ಲ. ಗಡಿಯಾಚೆಯ ಇಚಲಕರಂಜಿಯೂ ಈಚೆಯ ರಬಕವಿ-ಬನಹಟ್ಟಿಯೂ ಮಗ್ಗದ ಊರುಗಳೇ. ನೇಯ್ಗೆಯ ನೂಲು ಹೆಣಿಗೆಗೆ ತೀರ ತೆಳುವಾಗುವುದರಿಂದ ಆರೆಂಟು ಎಳೆ ಕೂಡಿಸಿ ಒಂದು ಮಾಡಿಕೊಳ್ಳಬೇಕು. ಕಂಬಳಿ ನೂಲನ್ನು ನೂಲುವ ಮನೆಯಿಂದ ನೇರವಾಗಿ ತನ್ನಿ. ನೇಕಾರರು ಹಾಸಿಗೆ ಹುಣಸೆಬೀಜದ ಗಂಜಿ ಬಳಿಯುತ್ತಾರೆ. ಗಂಜಿ ಕುಡಿದ ನೂಲು ಸೆಟೆದು ನಿಲ್ಲುತ್ತದೆ, ಕಡ್ಡಿಯ ಮೇಲೆ ಸರಿಯುವುದಿಲ್ಲ. ಗಂಜಿ ಹಾಕದ ನೂಲೇ ಬೇಕು.

ಪಾಠದಲ್ಲಿ 'ನಾರು' ಎಂದರೆ ಉಣ್ಣೆಯ ಒಂದು ಕೂದಲು ಅಥವಾ ಹತ್ತಿಯ ಒಂದು ತಂತು. 'ಎಳೆ' ಎಂದರೆ ನಾರುಗಳನ್ನು ಹೊಸೆದು ಮಾಡಿದ ದಾರ. 'ನೂಲು' ಎಂದರೆ ಒಂದು ಅಥವಾ ಹಲವು ಎಳೆ ಸೇರಿದ್ದು. ಈ ಮೂರು ಮಾತು ಕಪ್ಪುಹಲಗೆಯ ಮೇಲೆ ಮೊದಲೇ ಇರಲಿ. ಕಬ್ಬಿನ ಹಂಗಾಮಿನಲ್ಲಿ ಬೀಡ ಕಡೆಯಿಂದ ಬರುವ ಕಟಾವಿನವರ ಮಕ್ಕಳು ತರಗತಿಯಲ್ಲಿ ಕುಳಿತಿದ್ದರೆ ಪಕ್ಕದಲ್ಲಿ ಮರಾಠಿಯ ಮಾತನ್ನೂ ಬರೆಯಿರಿ: ಉಣ್ಣೆಗೆ ಲೋಕರ, ಕಂಬಳಿಗೆ ಘೋಂಗಡಿ, ಹೆಣಿಗೆಗೆ ವಿಣಕಾಮ. ಎರಡು ನಿಮಿಷದ ಕೆಲಸ. ಅದರಿಂದ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತ ಮಗುವೂ ಬಾಯಿ ತೆರೆಯುತ್ತದೆ.

ಪೀಠಿಕೆಗೆ ಪ್ರಶ್ನೆಗಳು ಬೇಡ. ನಾಲ್ಕು ನೂಲನ್ನು ಹೆಸರು ಹೇಳದೆ ಗುಂಪುಗಳ ಕೈಗೆ ಕೊಡಿ. ಮುಂಗೈಯ ಒಳಬದಿಗೆ, ಕುತ್ತಿಗೆಗೆ ಮುಟ್ಟಿಸಿ ನೋಡಲಿ. 'ಇದು ಚುಚ್ಚತೈತ್ರೀ ಟೀಚರ್' ಎಂಬ ಮಾತು ಕಂಬಳಿ ನೂಲಿನ ಗುಂಪಿನಿಂದ ಬಂದೇ ಬರುತ್ತದೆ. 'ಇದು ನಮ್ಮ ಅಜ್ಜಿ ನೂಲೂದ್ರೀ' ಎಂಬ ಮಾತೂ ಬರಬಹುದು. ಎರಡನ್ನೂ ಹಲಗೆಯ ಮೇಲೆ ಬರೆಯಿರಿ. ಎರಡನೆಯ ಮಾತು ಹೇಳಿದ ಮಗು ಆ ದಿನ ನಿಮ್ಮ ಸಹಶಿಕ್ಷಕ. ಹಿಂಜುವುದು, ನೂಲುವುದು, ಹಾಸು ಹಾಕುವುದು ನಿಮಗಿಂತ ಅದಕ್ಕೆ ಚೆನ್ನಾಗಿ ಗೊತ್ತು. ಕುರುಬರ ಮನೆಗಳಲ್ಲಿ ನೂಲುವುದು ಹೆಂಗಸರ ಕೆಲಸ, ಮಗ್ಗದ ಗುಂಡಿಯಲ್ಲಿ ಕುಳಿತು ನೇಯುವುದು ಗಂಡಸರ ಕೆಲಸ ಎಂಬ ರೂಢಿಯನ್ನು ಅದರ ಬಾಯಿಂದಲೇ ಹೇಳಿಸಿ. ಹೆಣಿಗೆ ಹುಡುಗಿಯರ ಪಾಠ, ನಾವು ಹೊರಗೆ ಆಡಲು ಹೋಗುತ್ತೇವೆ ಎಂದು ಎದ್ದು ನಿಲ್ಲುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಚುಚ್ಚುವುದೇಕೆ? ನಾರು ದಪ್ಪವಾದಷ್ಟೂ ಅದರ ತುದಿ ಬಾಗುವುದಿಲ್ಲ, ಚರ್ಮಕ್ಕೆ ನಾಟುತ್ತದೆ. ಮೆರಿನೊ ಕುರಿಯ ನಾರು ಸುಮಾರು 18ರಿಂದ 24 ಮೈಕ್ರಾನ್ ದಪ್ಪ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. 30 ಮೈಕ್ರಾನ್ ದಾಟಿದ ನಾರು ಬರಿಮೈಗೆ ಚುಚ್ಚತೊಡಗುತ್ತದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಸಾಂಗಲಿ, ಕೊಲ್ಹಾಪುರ, ಸೊಲ್ಲಾಪುರಗಳಲ್ಲಿ ಮೇಯುವ ದಖ್ಖನಿ ಕುರಿಯ ಉಣ್ಣೆ ಈ ಗಡಿಯ ಆಚೆಯದು. ಅದರಲ್ಲಿ ಕೂದಲಿನಂತಹ ಒರಟು ನಾರೂ ಬೆರೆತಿರುತ್ತದೆ. ಹಾಗೆಂದು ಅದು ಕೀಳು ಉಣ್ಣೆಯಲ್ಲ. ಬೇರೆ ಕೆಲಸದ ಉಣ್ಣೆ. ಕಂಬಳಿಯನ್ನು ಮಡಚಿ ತಲೆಯ ಮೇಲೆ ಹೊದ್ದು ಮಳೆಯಲ್ಲಿ ನಿಲ್ಲುವ ಕುರಿಗಾಹಿಗೆ ಮೆರಿನೊ ಶಾಲಿನಿಂದ ಏನು ಉಪಯೋಗ?

ಮುಂದೆ ಮೂರು ಚಿಕ್ಕ ಪರೀಕ್ಷೆಗಳು. ಮೊದಲನೆಯದು ನೀರು. ಪ್ರತಿ ನೂಲಿನ ಚಿಕ್ಕ ಹೆಣಿಗೆಯ ತುಂಡಿನ ಮೇಲೆ ಒಂದೊಂದು ಹನಿ ನೀರು ಹಾಕಿ. ಹತ್ತಿ ತಟ್ಟನೆ ಹೀರುತ್ತದೆ. ಜಿಡ್ಡು ತೆಗೆಯದ ಉಣ್ಣೆಯ ಮೇಲೆ ಹನಿ ಮುತ್ತಿನಂತೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅಕ್ರಿಲಿಕ್ಕಿನ ನಾರು ನೀರನ್ನು ಒಳಗೆ ತೆಗೆದುಕೊಳ್ಳುವುದೇ ಅಪರೂಪ. ಗಾಳಿಯ ತೇವವನ್ನು ಉಣ್ಣೆ ತನ್ನ ಒಣ ತೂಕದ ಸುಮಾರು 16 ಪ್ರತಿಶತದಷ್ಟು, ಹತ್ತಿ ಸುಮಾರು 8.5 ಪ್ರತಿಶತದಷ್ಟು, ಅಕ್ರಿಲಿಕ್ 2 ಪ್ರತಿಶತಕ್ಕಿಂತ ಕಡಿಮೆ ಹಿಡಿದಿಟ್ಟುಕೊಳ್ಳುತ್ತವೆ. ಬೆವರುವ ತಲೆಗೆ ಅಕ್ರಿಲಿಕ್ ಟೊಪ್ಪಿಗೆ ಅಂಟಂಟಾಗುವುದೂ, ತೊಳೆದರೆ ಅದೇ ಎಲ್ಲಕ್ಕಿಂತ ಬೇಗ ಒಣಗುವುದೂ ಒಂದೇ ಕಾರಣಕ್ಕೆ. ಈ ಮಾತನ್ನು ನೀವು ಹೇಳಬೇಡಿ. ಅಂಕಿಗಳನ್ನು ಬರೆದು ಮಕ್ಕಳಿಂದ ಹೇಳಿಸಿ.

ಎರಡನೆಯದು ಹುರಿ. ಒಂದು ಮೀಟರು ನೂಲಿನ ಎರಡು ತುದಿಗಳನ್ನು ಒಂದೇ ಕೈಯಲ್ಲಿ ಹಿಡಿದು ಕೆಳಗೆ ಇಳಿಬಿಡಿ. ಅಂಗಡಿಯ ನಾಲ್ಕೆಳೆ ನೂಲು ಸುಮ್ಮನೆ ತೂಗುತ್ತದೆ. ಕೈಯಿಂದ ನೂತ ಒಂಟಿ ಎಳೆ ಸರಸರನೆ ತನ್ನ ಸುತ್ತ ತಾನೇ ಸುತ್ತಿಕೊಳ್ಳುತ್ತದೆ. ಅಂತಹ ಎಳೆಯಿಂದ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದರೆ ತುಂಡು ಚೌಕವಾಗದೆ ಓರೆಯಾಗುತ್ತದೆ. ಮಗು ತಪ್ಪು ಹೆಣೆದಿರುವುದಿಲ್ಲ, ನೂಲಿನ ಹುರಿ ಹಾಗೆ ಎಳೆದಿರುತ್ತದೆ. ಇದನ್ನು ಅರಿಯದ ಶಿಕ್ಷಕರು ಮಗುವನ್ನು ಗದರಿಸಿ ಬಿಚ್ಚಿಸುವುದುಂಟು. ಪರಿಹಾರ ಎರಡು. ಎರಡು ಎಳೆಗಳನ್ನು ನೂತ ದಿಕ್ಕಿಗೆ ಎದುರು ದಿಕ್ಕಿನಲ್ಲಿ ಕೂಡಿಸಿ ಹೊಸೆಯುವುದು ಒಂದು. ಎಲ್ಲ ಸಾಲುಗಳನ್ನೂ ಸೀದಾ ಹೆಣೆಯುವುದು ಇನ್ನೊಂದು. ಆಗ ಒಂದು ಸಾಲಿನ ಎಳೆತವನ್ನು ಮುಂದಿನ ಸಾಲು ಸರಿದೂಗಿಸುತ್ತದೆ. ಏಳನೆಯ ತರಗತಿಗೆ ಎರಡನೆಯ ದಾರಿಯೇ ಸಾಕು.

ಮೂರನೆಯದು ಬೆಂಕಿ. ಇದನ್ನು ಮಾಡುವವರು ಶಿಕ್ಷಕರು ಮಾತ್ರ. ಬಯಲಿನಲ್ಲಿ, ಮರಳು ತುಂಬಿದ ತಟ್ಟೆಯ ಮೇಲೆ, ಇಕ್ಕಳದಲ್ಲಿ ಹಿಡಿದ ಐದು ಸೆಂಟಿಮೀಟರು ನೂಲು. ಪಕ್ಕದಲ್ಲಿ ಒಂದು ಬಕೆಟ್ ನೀರು. ಮಕ್ಕಳು ಎರಡು ಮೀಟರು ದೂರ. ಸೆರಗು, ಓಢಣಿ ಕಟ್ಟಿಕೊಂಡಿರಬೇಕು. ಮನೆಯಲ್ಲಿ ಮಾಡಿ ನೋಡಕೂಡದು ಎಂದು ಮೊದಲೂ ಕೊನೆಗೂ ಹೇಳಬೇಕು. ಹತ್ತಿ ಕಾಗದ ಸುಟ್ಟ ವಾಸನೆಯಿಂದ ಉರಿದು ಬೂದಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆಯಿಂದ ಸುರುಟಿ, ಜ್ವಾಲೆಯಿಂದ ಹೊರಗೆ ತಂದೊಡನೆ ಸಾಮಾನ್ಯವಾಗಿ ಆರಿಬಿಡುತ್ತದೆ. ಉಳಿದ ಕರಿಯನ್ನು ಬೆರಳಲ್ಲಿ ಹಿಚುಕಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗುತ್ತ ಚಟಚಟನೆ ಉರಿಯುತ್ತದೆ, ಹೊರಗೆ ತಂದರೂ ಆರುವುದಿಲ್ಲ, ಕೊನೆಗೆ ಗಟ್ಟಿಯಾದ ಕರಿ ಮಣಿ ಉಳಿಯುತ್ತದೆ. ಆ ಮಣಿ ಬಹಳ ಹೊತ್ತು ಬಿಸಿಯಾಗಿರುತ್ತದೆ, ಮುಟ್ಟಿದರೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಈ ಪರೀಕ್ಷೆಯನ್ನು ವಿಜ್ಞಾನದ ಪಾಠದಲ್ಲಿ ಮಕ್ಕಳು ಕೇಳಿರಬಹುದು. ಇಲ್ಲಿ ಅದಕ್ಕೆ ಬೇರೆಯದೇ ತೂಕವಿದೆ. ನವೆಂಬರಿನಿಂದ ಕಾರ್ಖಾನೆಗಳು ಕಬ್ಬು ನುರಿಸತೊಡಗಿದ ಮೇಲೆ ಈ ಭಾಗದ ಹೊಲಗಳಲ್ಲಿ, ಕಾರ್ಖಾನೆಯ ಹತ್ತಿರದ ಗುಡಿಸಲುಗಳ ಮುಂದೆ, ನಸುಕಿನಲ್ಲಿ ರವದಿ ಒಟ್ಟಿ ಬೆಂಕಿ ಕಾಯಿಸುವುದು ದಿನದ ನೋಟ. ಸುತ್ತ ಕುಳಿತವರ ಕಿವಿಗೆ, ಕುತ್ತಿಗೆಗೆ, ಮಕ್ಕಳ ತಲೆಗೆ ಇರುವುದೆಲ್ಲ ಅಗ್ಗದ ಅಕ್ರಿಲಿಕ್ಕೇ. ರವದಿಯ ಕಿಡಿ ಹಾರುತ್ತದೆ. ಕಂಬಳಿಯ ಮೇಲೆ ಬಿದ್ದ ಕಿಡಿ ಒಂದು ಚಿಕ್ಕ ಕರಿ ಚುಕ್ಕೆ ಬಿಟ್ಟು ಆರುತ್ತದೆ. ಅಕ್ರಿಲಿಕ್ ಮಫ್ಲರಿನ ಮೇಲೆ ಬಿದ್ದುದು ಏನು ಮಾಡುತ್ತದೆ ಎಂಬುದನ್ನು ತಟ್ಟೆಯ ಮೇಲೆ ಈಗಷ್ಟೇ ನೋಡಿದ ಮಕ್ಕಳು ತಾವೇ ಹೇಳುತ್ತಾರೆ. ಮೊದಲ ಅವಧಿಯನ್ನು ಇಲ್ಲಿಗೆ ನಿಲ್ಲಿಸಿ. ಮನೆಗೆಲಸ ಒಂದೇ: ಮನೆಯಲ್ಲಿರುವ ಟೊಪ್ಪಿಗೆ, ಮಫ್ಲರ್, ಸ್ವೆಟರುಗಳ ಚೀಟಿ ಓದಿ ನಾರಿನ ಹೆಸರು ಬರೆದು ತರುವುದು.

ಎರಡನೆಯ ಅವಧಿ: ಯಾರಿಗೆ, ಎಲ್ಲಿ, ಯಾವಾಗ

ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿ ಕೆಲಸ ಎಲ್ಲರೂ ಕಂಡದ್ದೇ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. ಆ ಚಪ್ಪಲಿಯ ಅಟ್ಟೆಗೆ ಎಮ್ಮೆಯ ದಪ್ಪ ತೊಗಲು, ಮೇಲಿನ ಹೆಣಿಕೆಗೆ ಆಡಿನ ತೆಳು ತೊಗಲು. ನೆಲಕ್ಕೆ ತಾಗುವ ಭಾಗಕ್ಕೆ ಒಂದು, ಕಾಲಿಗೆ ತಾಗುವ ಭಾಗಕ್ಕೆ ಇನ್ನೊಂದು. ಒಂದು ಜೋಡು ಚಪ್ಪಲಿ ತರಗತಿಗೆ ತಂದು ಮಕ್ಕಳ ಮುಂದಿಟ್ಟು ಕೇಳಿ: ಎರಡೂ ಕಡೆ ಒಂದೇ ತೊಗಲು ಹಾಕಿದ್ದರೆ ಏನಾಗುತ್ತಿತ್ತು? ಈ ಒಂದು ಪ್ರಶ್ನೆಯಿಂದ ವಿನ್ಯಾಸವೆಂದರೆ ಬಣ್ಣದ ಹೂವು ಬಿಡಿಸುವುದು ಎಂಬ ಕಲ್ಪನೆ ಸರಿಯುತ್ತದೆ.

ಆಮೇಲೆ ತರಗತಿಯನ್ನು ನಾಲ್ಕು ಗುಂಪು ಮಾಡಿ ಒಂದೊಂದು ಗುಂಪಿಗೆ ಒಬ್ಬೊಬ್ಬ 'ಗಿರಾಕಿ'ಯನ್ನು ಕೊಡಿ.

ಒಂದು ಗುಂಪಿಗೆ ಕಬ್ಬು ಕಡಿಯಲು ನಸುಕಿನಲ್ಲಿ ಹೋಗುವವರು. ಬೇಕಾದದ್ದು ಕಿವಿಪಟ್ಟಿ. ಚಳಿ ತಡೆಯಬೇಕು, ಬೆಂಕಿಯ ಹತ್ತಿರ ಅಪಾಯವಾಗಬಾರದು, ಬಿಸಿಲೇರಿದ ಮೇಲೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂತಿರಬೇಕು. ಬೆಂಕಿಯ ಮಾತಿಗೆ ಉಣ್ಣೆ ಗೆಲ್ಲುತ್ತದೆ, ಚುಚ್ಚುವ ಮಾತಿಗೆ ಸೋಲುತ್ತದೆ. ಹೊರಗೆ ಕಂಬಳಿ ನೂಲು, ಒಳಗೆ ಹಳೆಯ ಹತ್ತಿ ಸೀರೆಯ ಅಸ್ತರು ಎಂಬಲ್ಲಿಗೆ ಮಕ್ಕಳು ಬರುತ್ತಾರೆ, ಚಪ್ಪಲಿಯ ಉದಾಹರಣೆ ಆಗ ಕೆಲಸ ಮಾಡುತ್ತದೆ. ಇಲ್ಲಿ ಒಂದು ಸಿಕ್ಕು ಇದೆ, ಅದನ್ನು ನೀವೇ ಎತ್ತಬೇಕು. ಹೆಣಿಗೆ ಹಿಗ್ಗುತ್ತದೆ, ಅರಿವೆ ಹಿಗ್ಗುವುದಿಲ್ಲ. ಪೂರ್ತಿ ಅಸ್ತರು ಹೊಲಿದರೆ ಪಟ್ಟಿ ತಲೆಗೆ ಏರುವುದೇ ಇಲ್ಲ. ಹಣೆಯಿಂದ ಎರಡೂ ಕಿವಿಯ ಹಿಂದಿನವರೆಗೆ ಮಾತ್ರ ಅಸ್ತರು ಕೊಟ್ಟು, ಹಿಂದಲೆಯ ಕಡೆ ಹನ್ನೆರಡು ಸೆಂಟಿಮೀಟರಿನಷ್ಟು ಬರಿಯ ಹೆಣಿಗೆಯನ್ನೇ ಬಿಟ್ಟರೆ ಹಿಗ್ಗುವ ಗುಣ ಉಳಿಯುತ್ತದೆ. ಅಲ್ಲಿ ಕೂದಲಿರುವುದರಿಂದ ಚುಚ್ಚುವುದೂ ಕಡಿಮೆ.

ಎರಡನೆಯ ಗುಂಪಿಗೆ ಕೂಸು. ತೊಟ್ಟಿಲ ಕಾರ್ಯಕ್ಕೆ ಕುಂಚಿಗಿ-ಕುಲಾವಿ ಒಯ್ಯುವ ವಾಡಿಕೆಯ ಮನೆಗಳಲ್ಲಿ ಇದು ಬಹಳ ಇಷ್ಟದ ವಸ್ತು. ಕಂಬಳಿ ಉಣ್ಣೆ ಇಲ್ಲಿ ಸಲ್ಲದು. ಮೆತ್ತನೆಯ ಹತ್ತಿ ನೂಲು ನನ್ನ ಮೊದಲ ಆಯ್ಕೆ, ಏಕೆಂದರೆ ನಮ್ಮಲ್ಲಿ ಚಳಿ ಎರಡು ತಿಂಗಳು, ಸೆಕೆ ಉಳಿದ ದಿನಗಳು. ಕುಲಾವಿಗೆ ಮಣಿ, ಗುಂಡಿ, ಗೊಂಡೆ ಬೇಡ, ಅವು ಕಿತ್ತು ಬಾಯಿಗೆ ಹೋಗುತ್ತವೆ. ಉದ್ದನೆಯ ಕಟ್ಟುವ ದಾರ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಕೈಚೀಲ, ಕಾಲ್ಚೀಲಗಳಲ್ಲಿ ತೂತಿನ ನಮೂನೆಯೂ, ಒಳಬದಿಯಲ್ಲಿ ಉದ್ದಕ್ಕೆ ಬಿಟ್ಟ ಬಣ್ಣದ ಎಳೆಯೂ ಕೂಡದು. ಕೂಸಿನ ಬೆರಳು ಎಳೆಗೆ ಸಿಕ್ಕಿ ಬಿಗಿದರೆ ರಕ್ತ ಸಂಚಾರ ನಿಲ್ಲುತ್ತದೆ, ಅಳುವಿನ ಕಾರಣ ಮನೆಯವರಿಗೆ ಬೇಗ ತಿಳಿಯುವುದೂ ಇಲ್ಲ. ಮಲಗಿಸುವಾಗ, ಮನೆಯೊಳಗೆ ಬೆಚ್ಚಗಿರುವಾಗ ಕುಲಾವಿ ತೆಗೆಯಬೇಕೆಂಬುದನ್ನೂ ಗಿರಾಕಿಗೆ ಹೇಳುವ ಮಾತಿನಲ್ಲಿ ಸೇರಿಸಿ. ಹೆಣಿಗೆಯ ಪುಸ್ತಕಗಳ ಅಂದದ ಚಿತ್ರಗಳಲ್ಲಿ ಈ ಎಲ್ಲ ದೋಷಗಳೂ ಒಟ್ಟಿಗೇ ಕಾಣುವುದುಂಟು. ಅಂತಹ ಒಂದು ಚಿತ್ರವನ್ನು ಕೊಟ್ಟು ತಪ್ಪು ಹುಡುಕಿಸುವುದು ಒಳ್ಳೆಯ ಚಟುವಟಿಕೆ.

ಮೂರನೆಯ ಗುಂಪಿಗೆ ಅಜ್ಜನ ಚಂಚಿ. ಚಂಚಿ ಎಂದೊಡನೆ ಎಲೆ, ಅಡಿಕೆ, ನಿಪ್ಪಾಣಿ ತಂಬಾಕು ನೆನಪಾಗುತ್ತವೆ. ನಮಗೆ ಬೇಕಾದದ್ದು ಅದರೊಳಗಿನ ವಸ್ತುವಲ್ಲ, ಅದರ ಜಾಣತನ: ಒಂದೇ ಚೀಲದಲ್ಲಿ ಮಡಿಕೆ ಮಡಿಕೆಯಾಗಿ ಬೇರೆ ಬೇರೆ ಖಾನೆ, ಎಳೆದರೆ ಮುಚ್ಚುವ ದಾರ. ಕನ್ನಡಕ, ಕೀಲಿಕೈ, ಚಿಲ್ಲರೆ ಹಣಕ್ಕೆ ಅಂತಹ ಚೀಲ ಹೆಣೆಯಲಿ. ಭಾರಕ್ಕೆ ಜೋತು ಬೀಳಬಾರದು, ಚಿಲ್ಲರೆ ಸೋರಬಾರದು. ಆದ್ದರಿಂದ ನೂಲಿಗೆ ಹೇಳಿದ್ದಕ್ಕಿಂತ ತೆಳು ಕಡ್ಡಿ, ಬಿಗಿ ಹೆಣಿಗೆ. ಈ ಗುಂಪಿನ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ.

ನಾಲ್ಕನೆಯದು ಸಿಂಬಿ. ಕೊಡ, ಮೇವಿನ ಹೊರೆ, ಬುತ್ತಿ ಹೊರುವ ಹೆಂಗಸರು ತಲೆಯ ಮೇಲೆ ಹಳೆಯ ಸೀರೆಯನ್ನು ಸುತ್ತಿ ಇಟ್ಟುಕೊಳ್ಳುವ ಬಳೆ. ಹೆಣಿಗೆಯ ಪುಸ್ತಕಗಳಲ್ಲಿ ಇದರ ಹೆಸರಿಲ್ಲ. ನಮ್ಮೂರಿಗೆ ಇದಕ್ಕಿಂತ ಉಪಯೋಗದ ವಸ್ತು ಮಾತ್ರ ನನಗೆ ತೋಚುವುದಿಲ್ಲ. ಹನ್ನೆರಡು ಸೆಂಟಿಮೀಟರು ಅಗಲ, ಐವತ್ತು ಸೆಂಟಿಮೀಟರು ಉದ್ದದ ಪಟ್ಟಿಯನ್ನು ಎಲ್ಲ ಸಾಲೂ ಸೀದಾ ಹೆಣೆದು, ಅಂಚುಗಳನ್ನು ಕೂಡಿಸಿ ಕೊಳವೆಯಂತೆ ಹೊಲಿದು, ಒಳಗೆ ತುಂಬಿ, ತುದಿಗಳನ್ನು ಜೋಡಿಸಿದರೆ ಸಿಂಬಿಯಾಯಿತು. ಸುತ್ತಳತೆಯಿಂದ ವ್ಯಾಸ ತೆಗೆಯುವ ಗಣಿತ ಕಲಿತವರಾದರೆ ಲೆಕ್ಕ ಹಾಕಲಿ: ಕೊಳವೆಯ ದಪ್ಪ ಸುಮಾರು 4 ಸೆಂ.ಮೀ., ಬಳೆಯ ನಡುವ್ಯಾಸ ಸುಮಾರು 16 ಸೆಂ.ಮೀ., ಹೊರವ್ಯಾಸ 20. ಕೊಡದ ತಳಕ್ಕೆ ಸರಿಹೋಗುವುದೇ ಎಂದು ಮನೆಯ ಕೊಡವನ್ನು ಅಳೆದು ತರಲಿ.

ಒಳಗೆ ಏನು ತುಂಬುವುದು? ಹಿಂಜಿದ ಉಣ್ಣೆ, ಅಕ್ರಿಲಿಕ್ ಚೂರು, ಹತ್ತಿ ಅರಿವೆಯ ಚೂರು, ಮೂರನ್ನೂ ಒಂದೇ ತೂಕದಲ್ಲಿ ಮೂರು ಚಿಕ್ಕ ಚೀಲಗಳಿಗೆ ತುಂಬಿ, ಎತ್ತರ ಅಳೆದು, ಮೇಲೆ ಇಟ್ಟಂಗಿ ಇಡಿ. ಹತ್ತು ನಿಮಿಷದ ಮೇಲೆ ತೆಗೆದು ಮತ್ತೆ ಅಳೆಯಿರಿ. ಉಣ್ಣೆಯ ನಾರಿನಲ್ಲಿ ಸಹಜವಾದ ಸುರುಳಿ ಇರುವುದರಿಂದ ಅದು ಪುಟಿದು ಏಳುತ್ತದೆ. ಹತ್ತಿ ಒತ್ತಿಕೊಂಡೇ ಉಳಿಯುತ್ತದೆ. ಹಾಗಾದರೆ ಹೊರಗೂ ಉಣ್ಣೆಯೇ ಇರಲಿ ಎನ್ನುವ ಮಗುವಿಗೆ ಕೊಡದಿಂದ ತುಳುಕುವ ನೀರನ್ನು ನೆನಪಿಸಿ. ನೆನೆದ ಉಣ್ಣೆ ಭಾರವಾಗುತ್ತದೆ, ಒಣಗುವುದು ತಡ. ಹತ್ತಿ ನೂಲು ನೆನೆದಾಗ ಇನ್ನಷ್ಟು ಗಟ್ಟಿಯಾಗುತ್ತದೆ, ತಿಕ್ಕಿ ತೊಳೆದರೂ ತಾಳುತ್ತದೆ. ಒಳಗೆ ಉಣ್ಣೆ, ಹೊರಗೆ ಹತ್ತಿ. ಬದಿಯಲ್ಲಿ ನಾಲ್ಕು ಬೆರಳಿನಷ್ಟು ಹೊಲಿಗೆಯನ್ನು ಬಿಚ್ಚುವಂತೆ ಬಿಟ್ಟರೆ ಉಣ್ಣೆ ತೆಗೆದು ಬಿಸಿಲಿಗೆ ಹಾಕಬಹುದು.

ಬಣ್ಣದ ಮಾತು ಈಗ ಬರಲಿ. ದಖ್ಖನಿ ಕುರಿಯ ಉಣ್ಣೆ ಹೆಚ್ಚಾಗಿ ಕಪ್ಪು. ನಡುವೆ ಕಂದು, ಬೂದಿ, ಬಿಳಿಯೂ ಸಿಗುತ್ತವೆ. ಬಣ್ಣ ಅದ್ದದೆ ಬರಿಯ ಬೇರ್ಪಡಿಸುವಿಕೆಯಿಂದಲೇ ಪಟ್ಟೆಗಳನ್ನು ಮಾಡಬಹುದು. ಕರಿ ಕಂಬಳಿಯ ಅಂಚಿನಲ್ಲಿ ಬಿಳಿ ಪಟ್ಟೆ ಬರುವುದು ಹಾಗೆಯೇ. ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋದ ಮಕ್ಕಳು ಭಂಡಾರದ ಹಳದಿ ಬಿದ್ದ ಕರಿ ಕಂಬಳಿಗಳನ್ನು ನೋಡಿರುತ್ತಾರೆ. ಯಾವ ಪಟ್ಟೆ ಎಷ್ಟು ಅಗಲ ಇತ್ತು ಎಂದು ನೆನಪಿನಿಂದ ಬಿಡಿಸಲಿ.

ಮೂರನೆಯ ಅವಧಿ: ಅಳತೆಯ ತುಂಡು

ಹೆಣಿಗೆಯ ಕಡ್ಡಿಯ ನಂಬರಿನ ಬಗ್ಗೆ ಮೊದಲೇ ಎಚ್ಚರಿಸಿ. ನಮ್ಮ ಅಂಗಡಿಗಳಲ್ಲಿ ನಡೆಯುವ ಹಳೆಯ ಕ್ರಮದಲ್ಲಿ ನಂಬರು ಏರಿದಂತೆ ಕಡ್ಡಿ ತೆಳುವಾಗುತ್ತದೆ. 6ನೇ ನಂಬರು 5 ಮಿ.ಮೀ., 8ನೇ ನಂಬರು 4 ಮಿ.ಮೀ., 10ನೇ ನಂಬರು 3.25 ಮಿ.ಮೀ. ಕಡ್ಡಿ ಕೊಳ್ಳಲಾಗದ ಮಕ್ಕಳು ಸೈಕಲ್ಲಿನ ಕಡ್ಡಿ ತರುತ್ತಾರೆ. ಅದು 2 ಮಿ.ಮೀ., ಅಂದರೆ 14ನೇ ನಂಬರು, ನಾಲ್ಕೆಳೆ ನೂಲಿಗೆ ತೀರ ತೆಳು. ಬಿದಿರಿನ ಸೀಳನ್ನು 4 ಅಥವಾ 5 ಮಿ.ಮೀ.ಗೆ ಸವರಿ, ಮರಳು ಕಾಗದದಿಂದ ತಿಕ್ಕಿ, ಸ್ವಲ್ಪ ಎಣ್ಣೆ ಒರೆಸಿದರೆ ಚೆನ್ನಾದ ಕಡ್ಡಿಯಾಗುತ್ತದೆ. ನಾಲ್ಕೆಳೆ ಅಕ್ರಿಲಿಕ್ಕಿಗೂ, ಕೂಡಿಸಿಕೊಂಡ ಹತ್ತಿಗೂ 8ನೇ ನಂಬರು, ಕಂಬಳಿ ನೂಲಿಗೆ 6 ಅಥವಾ ಇನ್ನೂ ದಪ್ಪ.

ಪ್ರತಿಯೊಬ್ಬರೂ ತಾವು ಆರಿಸಿದ ನೂಲಿನಲ್ಲಿ 30 ಕುಣಿಕೆ ಏರಿಸಿ, ಹನ್ನೆರಡು ಸೆಂಟಿಮೀಟರು ಎತ್ತರದ ತುಂಡು ಹೆಣೆದು ತರಬೇಕು. ಇದು ಮನೆಗೆಲಸ. ತುಂಡನ್ನು ತೊಳೆದು, ಎಳೆಯದೆ, ನೆರಳಿನಲ್ಲಿ ಹಾಸಿ ಒಣಗಿಸಿದ ಮೇಲೆಯೇ ಅಳೆಯಬೇಕು. ಉಣ್ಣೆಯನ್ನು ತಣ್ಣೀರಿನಲ್ಲಿ ತಿಕ್ಕದೆ ಜಾಲಾಡಿಸಬೇಕು. ಬಿಸಿನೀರು, ಸಾಬೂನು, ತಿಕ್ಕಾಟ ಮೂರೂ ಕೂಡಿದರೆ ನಾರಿನ ಮೇಲಿನ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ತುಂಡು ಕುಗ್ಗುತ್ತದೆ. ಅಂಚನ್ನು ಬಿಟ್ಟು ನಡುವೆ ಹತ್ತು ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆ ಬಂತು ಎಂದು ಎಣಿಸಿ ಹಲಗೆಯ ಮೇಲೆ ಹೆಸರಿನ ಮುಂದೆ ಬರೆಯಿರಿ.

ಒಂದೇ ಉಂಡೆಯ ನೂಲು, ಒಂದೇ ನಂಬರಿನ ಕಡ್ಡಿ ಇದ್ದರೂ ಅಂಕಿಗಳು ಬೇರೆ ಬೇರೆ ಬರುತ್ತವೆ. ಒಬ್ಬಳಿಗೆ 20, ಇನ್ನೊಬ್ಬನಿಗೆ 24. ಇದು ಕೈಯ ಬಿಗಿಯ ವ್ಯತ್ಯಾಸ. ಕುಲಾವಿಯ ಲೆಕ್ಕದಲ್ಲಿ ಅದರ ಪರಿಣಾಮ ನೋಡೋಣ. ಒಂದು ವರ್ಷದ ಕೂಸಿನ ತಲೆಯ ಸುತ್ತಳತೆ ಸುಮಾರು 46 ಸೆಂ.ಮೀ. ಹೆಣಿಗೆ ಹಿಗ್ಗುವುದರಿಂದ ಹತ್ತನೆಯ ಒಂದು ಭಾಗ ಕಡಿಮೆ ಹಿಡಿದರೆ 41 ಸೆಂ.ಮೀ.

20 ಕುಣಿಕೆಯವಳಿಗೆ: 41 × 2 = 82 ಕುಣಿಕೆ
24 ಕುಣಿಕೆಯವನಿಗೆ: 41 × 2.4 = 98 ಕುಣಿಕೆ

ಇಬ್ಬರೂ ಪುಸ್ತಕ ನೋಡಿ 90 ಕುಣಿಕೆ ಏರಿಸಿದರೆಂದುಕೊಳ್ಳಿ. ಆಕೆಯ ಕುಲಾವಿ 45 ಸೆಂ.ಮೀ., ಆತನದು 37.5 ಸೆಂ.ಮೀ. ಒಂದು ಕಣ್ಣ ಮೇಲೆ ಜಾರುತ್ತದೆ, ಇನ್ನೊಂದು ಹಣೆಗೆ ಬರೆ ಮೂಡಿಸುತ್ತದೆ. ಪ್ರಮಾಣ ಮತ್ತು ಅನುಪಾತದ ಪಾಠವನ್ನು ಗಣಿತದ ಶಿಕ್ಷಕರು ಇದೇ ವಾರ ಇಟ್ಟುಕೊಂಡರೆ ಬಹಳ ಅನುಕೂಲ.

ಅದೇ ತುಂಡಿನಿಂದ ನೂಲಿನ ಖರ್ಚನ್ನೂ ಲೆಕ್ಕ ಹಾಕಬಹುದು. ಇದು ಹೆತ್ತವರ ದುಡ್ಡಿನ ಮಾತಾದ್ದರಿಂದ ಬಿಡಬೇಡಿ. ತುಂಡು 15 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ ಇದ್ದು 9 ಗ್ರಾಂ ತೂಗಿತೆನ್ನಿ. ವಿಸ್ತೀರ್ಣ 180 ಚ.ಸೆಂ.ಮೀ., ಆದ್ದರಿಂದ 100 ಚ.ಸೆಂ.ಮೀ.ಗೆ 5 ಗ್ರಾಂ. 15 ಸೆಂ.ಮೀ. ಅಗಲ, 120 ಸೆಂ.ಮೀ. ಉದ್ದದ ಮಫ್ಲರಿಗೆ 1800 ಚ.ಸೆಂ.ಮೀ., ಅಂದರೆ 90 ಗ್ರಾಂ. ಹತ್ತನೆಯ ಒಂದು ಭಾಗ ಹೆಚ್ಚಿಗೆ ಸೇರಿಸಿದರೆ ಸುಮಾರು 100 ಗ್ರಾಂ. ಇದಕ್ಕಿಂತ ಹೆಚ್ಚು ನೂಲು ತರಿಸುವ ಶಿಕ್ಷಕರು ಕಾರಣ ಹೇಳಬೇಕು. ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿ ಸಾಕು. ಅಳತೆ, ತೂಕ ಬರೆದುಕೊಂಡ ಮೇಲೆ ತುಂಡನ್ನು ಬಿಚ್ಚಿ ಆ ನೂಲನ್ನೇ ಮತ್ತೆ ಬಳಸಲಿ.

ಮೌಲ್ಯಮಾಪನದ ಬಗ್ಗೆ

ಸಾಮಾನ್ಯವಾಗಿ ಅಂದವಾಗಿ ಹೆಣೆದ ವಸ್ತುವಿಗೆ ಹೆಚ್ಚು ಅಂಕ ಬೀಳುತ್ತದೆ. ಅದನ್ನು ಹೆಣೆದದ್ದು ಅಕ್ಕನೋ ಅತ್ತೆಯೋ ಎಂಬುದು ಶಿಕ್ಷಕರಿಗೂ ಗೊತ್ತಿರುತ್ತದೆ. ಈ ಪಾಠಕ್ಕೆ 25 ಅಂಕ ಇಟ್ಟುಕೊಂಡರೆ ಹತ್ತನ್ನು ಕಾರಣದ ಚೀಟಿಗೆ ಕೊಡಿ. ಚೀಟಿಯಲ್ಲಿ ಮಗು ನಾಲ್ಕು ಸಾಲು ಬರೆಯಬೇಕು: ಯಾರಿಗಾಗಿ, ಯಾವ ನೂಲು, ಯಾವ ನೂಲನ್ನು ಬಿಟ್ಟೆ, ಏಕೆ ಬಿಟ್ಟೆ. ಪರೀಕ್ಷೆಗಳ ದಾಖಲೆಗೆ ಐದು, ಅಳತೆಯ ತುಂಡು ಮತ್ತು ಲೆಕ್ಕಕ್ಕೆ ಐದು, ಮುಗಿದ ವಸ್ತುವಿಗೆ ಐದು. ಅಕ್ರಿಲಿಕ್ಕನ್ನೇ ಆರಿಸಿದ ಮಗುವಿನ ಅಂಕ ಕಡಿಮೆ ಮಾಡಬೇಡಿ. 'ದಿನಾ ಒಗೀಬೇಕು, ಬೇಗ ಒಣಗಬೇಕು, ಒಲೀ ಹತ್ರ ಹೋಗೂದಿಲ್ಲ' ಎಂದು ಬರೆದಿದ್ದರೆ ಅದು ಪೂರ್ಣ ಅಂಕದ ಉತ್ತರವೇ. ಊರಿನ ಉಣ್ಣೆಯ ಮೇಲಿನ ಅಭಿಮಾನಕ್ಕೆ ಅಂಕವಿಲ್ಲ.

ಆ ಅಭಿಮಾನದ ಕುರಿತು ಇನ್ನೊಂದು ಮಾತು. ಉಣ್ಣೆ ಕತ್ತರಿಸುವ ಕೂಲಿಯೂ ಹುಟ್ಟದೆ ಕುರಿಗಾಹಿಗಳು ಉಣ್ಣೆಯನ್ನು ಬಿಸಾಡುವುದು, ಅಥಣಿಗೆ ಹೊಂದಿಕೊಂಡ ಜತ್ತ ತಾಲೂಕಿನ ಮಾಡಗ್ಯಾಳದ ಎತ್ತರದ ಕುರಿಗಳ ಕಡೆಗೆ ತಿರುಗುವುದು ಮಕ್ಕಳಿಗೆ ಗೊತ್ತಿರುವ ಸಂಗತಿ. ಮಾಡಗ್ಯಾಳ ಕುರಿ ಹೆಸರಾದದ್ದು ಮಾಂಸಕ್ಕೆ, ಉಣ್ಣೆಗಲ್ಲ. ಮೂರು ಅವಧಿಯ ಪಾಠದಿಂದ ಆ ಲೆಕ್ಕ ಬದಲಾಗದು, ಬದಲಾಗುತ್ತದೆಂದು ತರಗತಿಯಲ್ಲಿ ಭಾಷಣ ಮಾಡುವುದೂ ಬೇಡ. ಅಜ್ಜಿ ನೂಲುವುದನ್ನು ಹೇಳಲು ಸಂಕೋಚಪಡುತ್ತಿದ್ದ ಮಗುವಿನ ಮನೆಯಿಂದ ಅರ್ಧ ಕಿಲೊ ನೂಲನ್ನು ಶಾಲೆ ದುಡ್ಡು ಕೊಟ್ಟು ಕೊಂಡರೆ ಸಾಕು. ಪುಕ್ಕಟೆ ತರಿಸಕೂಡದು.

ವಸ್ತುಗಳು ಮುಗಿದ ಮೇಲೆ ಪ್ರದರ್ಶನದ ಮೇಜಿನ ಮೇಲೆ ಒಂದು ದಿನ ಇಟ್ಟು, ಮರುದಿನವೇ ಗಿರಾಕಿಗಳ ಮನೆಗೆ ಕಳುಹಿಸಿ. ಬೋಧನಾಭ್ಯಾಸ ಮುಗಿಯುವ ಮೊದಲು, ಹದಿನೈದು ದಿನ ಬಿಟ್ಟು, ಅವನ್ನು ಮತ್ತೆ ತರಿಸಿ. ಕಿವಿಪಟ್ಟಿ ಎಷ್ಟು ಜೋತಿದೆ, ಸಿಂಬಿಯ ದಪ್ಪ 4 ಸೆಂ.ಮೀ.ಯಿಂದ ಎಷ್ಟಕ್ಕೆ ಇಳಿದಿದೆ, ಕುಲಾವಿ ತೊಳೆದ ಮೇಲೆ ಕುಗ್ಗಿದೆಯೋ ಹಿಗ್ಗಿದೆಯೋ ಎಂದು ಅದೇ ಟೇಪಿನಿಂದ ಅಳೆದು, ಕಾರಣದ ಚೀಟಿಯ ಹಿಂಬದಿಯಲ್ಲಿ ಆ ಅಂಕಿಗಳನ್ನು ಮಗುವಿನ ಕೈಯಿಂದಲೇ ಬರೆಸಿ.